ಹೆಸರಿಗಿಂತ ಮೊದಲು ತಾಳ

ಅಪರಿಚಿತರನ್ನು ಹತ್ತಿರ ತರುವುದಕ್ಕೆ ಲಯದಷ್ಟು ಸರಳವಾದ ದಾರಿ ಇನ್ನೊಂದಿಲ್ಲ. ಕಂಸಾಳೆ, ತಮಟೆ, ಕೋಲಾಟ, ಗೊರುಕನಗಳ ನೆಲೆಯಾದ ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಶಾಲೆ, ಶಿಬಿರ, ತರಬೇತಿಗಳು ಈ ದಾರಿಯನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಎನ್‌ಎಸ್‌ಎಸ್ ಶಿಬಿರವಿರಲಿ, ಶಿಕ್ಷಕರ ತರಬೇತಿಯಿರಲಿ, ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಕಾರ್ಯಾಗಾರವಿರಲಿ, ಮೊದಲ ಗಂಟೆಯ ಕ್ರಮ ಮಾತ್ರ ಎಲ್ಲ ಕಡೆಯೂ ಒಂದೇ. ‘ಎಲ್ಲರೂ ಎದ್ದು ನಿಂತು ನಿಮ್ಮ ನಿಮ್ಮ ಪರಿಚಯ ಹೇಳಿ’ ಎನ್ನುತ್ತಾರೆ. ಒಬ್ಬೊಬ್ಬರೇ ಎದ್ದು ಹೆಸರು, ಊರು, ಓದು ಹೇಳಿ ಕೂರುತ್ತಾರೆ. ಮಾತು ಬಲ್ಲವರು ನಾಲ್ಕು ವಾಕ್ಯ ಹೆಚ್ಚಿಗೆ ಆಡುತ್ತಾರೆ, ಅಂಜುವವರು ನೆಲ ನೋಡಿಕೊಂಡು ಹೆಸರನ್ನಷ್ಟೇ ಉಸುರುತ್ತಾರೆ. ನಲವತ್ತು ಜನರ ಪರಿಚಯ ಮುಗಿಯುವ ಹೊತ್ತಿಗೆ ಯಾರ ಹೆಸರೂ ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ.

ನಮ್ಮ ಸೀಮೆಯಲ್ಲಿ ಈ ಕ್ರಮದಿಂದ ಇನ್ನೂ ಒಂದು ತೊಡಕಿದೆ. ಮಹದೇವ, ಮಾದೇಶ, ನಂಜುಂಡ, ಸಿದ್ದರಾಜು ಎಂಬ ಹೆಸರುಗಳು ಇಲ್ಲಿ ಎಲ್ಲ ಕೇರಿಗಳಲ್ಲೂ ಇವೆ. ಹೆಸರಿನಿಂದ ಜಾತಿ ತಿಳಿಯದೇ ಹೋದಾಗ ಮರುಪ್ರಶ್ನೆ ಬರುತ್ತದೆ: ‘ಯಾವೂರು? ಯಾವ ಬೀದಿ?’ ಬೀದಿ ಗೊತ್ತಾದರೆ ಉಳಿದದ್ದೆಲ್ಲ ಗೊತ್ತಾದ ಹಾಗೆ, ಏಕೆಂದರೆ ನಮ್ಮ ಹಳ್ಳಿಗಳ ಬೀದಿಗಳಿಗೆ ಸಮುದಾಯಗಳದೇ ಹೆಸರು. ಮಧ್ಯಾಹ್ನದ ಊಟಕ್ಕೆ ಯಾರು ಯಾರ ಪಕ್ಕ ಕೂರುತ್ತಾರೆ ಎಂಬುದು ಬೆಳಗಿನ ಈ ಪರಿಚಯದಲ್ಲೇ ತೀರ್ಮಾನವಾಗಿಬಿಡುತ್ತದೆ. ಶಿಬಿರ ಮಾಡುವುದೇ ಗೋಡೆ ತೆಗೆಯುವುದಕ್ಕೆ. ಆದರೆ ಆ ಗೋಡೆಯ ಮೊದಲ ಇಟ್ಟಿಗೆಯನ್ನು ನಾವೇ ಇಟ್ಟು ಶಿಬಿರ ಶುರು ಮಾಡುತ್ತೇವೆ.

ಈ ಕ್ರಮವನ್ನು ತಿರುವು ಮುರುವು ಮಾಡಬೇಕು ಎಂಬುದು ನನ್ನ ವಾದ. ಮೊದಲು ತಾಳ, ಆಮೇಲೆ ಹೆಸರು. ಒಬ್ಬರ ಕೈ ಇನ್ನೊಬ್ಬರ ಕೈಗೆ ಹೊಂದಿಕೊಂಡ ಮೇಲೆ ಹೇಳುವ ಹೆಸರನ್ನು ಜನ ಬೇರೆ ಕಿವಿಯಿಂದ ಕೇಳುತ್ತಾರೆ.

ಬೆಟ್ಟ, ಜಾತ್ರೆ, ಪೋಡುಗಳ ಪಾಠ

ಸಾಫ್ಟ್‌ವೇರ್ ಕಂಪನಿಗಳ ಸಭಾಂಗಣಗಳಲ್ಲಿ ಇಂದು ನೌಕರರನ್ನು ವೃತ್ತಾಕಾರದಲ್ಲಿ ಕೂರಿಸಿ, ಪಶ್ಚಿಮ ಆಫ್ರಿಕಾದ ಜೆಂಬೆ ಚರ್ಮವಾದ್ಯವನ್ನು ಕೈಗೆ ಕೊಟ್ಟು ಬಾರಿಸಲು ಹೇಳುವುದುಂಟು. ಅದಕ್ಕೆ ‘ಡ್ರಮ್ ಸರ್ಕಲ್’ ಎಂದು ಹೆಸರು. ನೈಜೀರಿಯಾ ಮೂಲದ ಬಾಬಾತುಂಡೆ ಒಲಾಟುಂಜಿ 1960ರಲ್ಲಿ ಹೊರತಂದ ‘ಡ್ರಮ್ಸ್ ಆಫ್ ಪ್ಯಾಷನ್’ ಧ್ವನಿಮುದ್ರಿಕೆ ಅಮೆರಿಕದ ಜನರಿಗೆ ಆಫ್ರಿಕಾದ ಲಯದ ರುಚಿ ಹತ್ತಿಸಿತು. ಬಳಿಕ ಕ್ಯಾಲಿಫೋರ್ನಿಯಾದ ಆರ್ಥರ್ ಹಲ್ ಮೊದಲಾದವರು ಸಂಗೀತ ಬಾರದವರನ್ನೂ ಕೂರಿಸಿಕೊಂಡು ನುಡಿಸುವ ವಿಧಾನವನ್ನು ರೂಢಿಗೆ ತಂದರು. ಅಲ್ಲಿಂದ ಅದು ಕಚೇರಿ, ಆಸ್ಪತ್ರೆ, ಶಾಲೆಗಳಿಗೆ ಹಬ್ಬಿತು. ವಿಧಾನ ಒಳ್ಳೆಯದೇ. ಆದರೆ ಚಾಮರಾಜನಗರದವರು ಅದನ್ನು ಕಲಿಯಲು ಕ್ಯಾಲಿಫೋರ್ನಿಯಾದ ಕಡೆ ನೋಡಬೇಕಾಗಿಲ್ಲ.

ಮಲೆ ಮಹದೇಶ್ವರ ಬೆಟ್ಟದ ಹಾದಿಯಲ್ಲಿ ದೇವರಗುಡ್ಡರ ಕಂಸಾಳೆ ಕೇಳದವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ? ಎಡ ಅಂಗೈಯಲ್ಲಿ ಬಟ್ಟಲಿನಂತೆ ಗುಳಿಯಿರುವ ಕಂಚಿನ ತಾಳ, ಬಲಗೈಯಲ್ಲಿ ದಾರದ ತುದಿಗೆ ಕಟ್ಟಿದ ಚಪ್ಪಟೆ ತಾಳ. ಕುಳಿತು ಕಥೆ ಹಾಡುವಾಗ ಏಕದಾರಿ, ದಮ್ಮಡಿಗಳು ಜೊತೆಗಿರುತ್ತವೆ. ಎದ್ದು ಕುಣಿದರೆ ಅದು ಬೀಸು ಕಂಸಾಳೆ. ದಾರದ ತಾಳವನ್ನು ತಲೆಯ ಮೇಲೆ, ಬೆನ್ನ ಹಿಂದೆ, ಮಂಡಿಯ ಕೆಳಗೆ ಬೀಸಿ ಎಡಗೈಯ ತಾಳಕ್ಕೆ ತಾಕಿಸುತ್ತಾರೆ. ಎದುರಿನವನ ತಾಳಕ್ಕೆ ಬೀಸಿ ಹೊಡೆಯುವುದೂ ಉಂಟು. ಹಾಗೆ ಬೀಸುವಾಗ ಎದುರಿನವನ ಕೈ ಅದೇ ಎಣಿಕೆಗೆ ಅದೇ ಜಾಗದಲ್ಲಿ ಇರಲೇಬೇಕು. ಒಂದು ಕ್ಷಣ ತಪ್ಪಿದರೂ ಕಂಚು ಮೈಗೆ ಬಡಿಯುತ್ತದೆ. ಜೊತೆಗಾರನನ್ನು ನಂಬದೆ ಬೀಸು ಕಂಸಾಳೆ ಕುಣಿಯುವುದಕ್ಕೆ ಆಗುವುದೇ ಇಲ್ಲ. ಕುರುಬರು, ಬೇಡರು, ಹೊಲೆಯರು, ಒಕ್ಕಲಿಗರು ಹೀಗೆ ಹಲವು ಸಮುದಾಯಗಳವರು ಮಾದಪ್ಪನ, ಅಂದರೆ ಮಹದೇಶ್ವರನ, ಗುಡ್ಡರಾಗಿ ದೀಕ್ಷೆ ಪಡೆಯುತ್ತಾರೆ. ಗುಡ್ಡನಾದವನನ್ನು ಜನ ಮಾದಪ್ಪನ ಒಕ್ಕಲಾಗಿ ಕಾಣುತ್ತಾರೆ.

ಮಂಟೇಸ್ವಾಮಿ ಪರಂಪರೆಯ ನೀಲಗಾರರದು ತಂಬೂರಿ, ಗಗ್ಗರ, ಡಕ್ಕೆ. ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಜನವರಿಯ ಹುಣ್ಣಿಮೆಯಿಂದ ಐದು ದಿನ ನಡೆಯುವ, ಅದೇ ಪರಂಪರೆಯ ಸಿದ್ಧಪ್ಪಾಜಿ ಜಾತ್ರೆ ಚಂದ್ರಮಂಡಲೋತ್ಸವದಿಂದ ಶುರುವಾಗುತ್ತದೆ. ಪಂಕ್ತಿಸೇವೆಯ ದಿನ ಜಾತಿಯ ಎಣಿಕೆಯಿಲ್ಲದೆ ಒಟ್ಟಿಗೆ ಕೂತು ಉಣ್ಣುತ್ತಾರೆ. ಮೊದಲು ಒಂದೇ ನಾದ, ಆಮೇಲೆ ಒಂದೇ ಪಂಕ್ತಿ: ಈ ಅನುಕ್ರಮವನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಇದಕ್ಕೆ ವಾದ್ಯವೂ ಬೇಕಿಲ್ಲ. ರಾಗಿ ಕಟಾವಿನ ನಂತರದ ರೊಟ್ಟಿ ಹಬ್ಬಕ್ಕೆ ಬೇರೆ ಬೇರೆ ಪೋಡುಗಳಿಂದ, ಅಂದರೆ ಸೋಲಿಗರ ಹಾಡಿಗಳಿಂದ, ಜನ ಸೇರುತ್ತಾರೆ. ರಾತ್ರಿ ಬೆಂಕಿಯ ಸುತ್ತ ಗೊರುಕನ ಹಾಡು, ಕುಣಿತ ಶುರುವಾಗುತ್ತದೆ. ಒಂದೇ ಸೊಲ್ಲು ಮತ್ತೆ ಮತ್ತೆ ಬರುತ್ತದೆ, ಅದರ ನಡುವೆ ಕಾಡಿನ ಮರ, ಹಕ್ಕಿ, ಪ್ರಾಣಿಗಳ ವರ್ಣನೆ ಹೆಣೆದುಕೊಳ್ಳುತ್ತದೆ. ಸೊಲ್ಲು ಸುಲಭವಾಗಿರುವುದರಿಂದ ಹೊಸಬರು ಎರಡನೆಯ ಸುತ್ತಿಗೇ ಸೇರಿಕೊಳ್ಳಬಹುದು. ಗೊತ್ತಿಲ್ಲದವರನ್ನು ಒಳಗೆ ಕರೆದುಕೊಳ್ಳುವ ಹಾಡು ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ಕೋಲಾಟವಂತೂ ಪರಿಚಯ ಮಾಡಿಸಲೆಂದೇ ಹುಟ್ಟಿದ ಆಟದಂತಿದೆ. ಒಳಸುತ್ತು, ಹೊರಸುತ್ತು ಎದುರುಬದುರಾಗಿ ಚಲಿಸುವಾಗ ಪ್ರತಿಯೊಬ್ಬರ ಕೋಲೂ ಎದುರಿನ ಸುತ್ತಿನ ಪ್ರತಿಯೊಬ್ಬರ ಕೋಲಿಗೂ ಒಮ್ಮೆ ತಾಗುತ್ತದೆ. ಇಪ್ಪತ್ತು ಜೊತೆಯ ಕೋಲಾಟದಲ್ಲಿ ಕೆಲವೇ ನಿಮಿಷಗಳಲ್ಲಿ ಇಪ್ಪತ್ತು ಮುಖಗಳನ್ನು ಕಣ್ಣಿಟ್ಟು ನೋಡಿರುತ್ತೇವೆ. ಪರಿಚಯದ ಸುತ್ತಿನಲ್ಲಿ ಅಷ್ಟು ಮುಖಗಳನ್ನು ಯಾರೂ ನೋಡುವುದಿಲ್ಲ.

ಮನಸ್ಸು ಬೆರೆಯುವುದು ಹೇಗೆ?

ಇದು ಬರೀ ಅನುಭವದ ಮಾತಾಗಿ ಉಳಿದಿಲ್ಲ. ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಸೆಬಾಸ್ಟಿಯನ್ ಕಿರ್ಶ್ನರ್ ಮತ್ತು ಮೈಕೆಲ್ ಟೊಮಸೆಲ್ಲೊ ಪುಟ್ಟ ಮಕ್ಕಳ ಕೈಗೆ ಚರ್ಮವಾದ್ಯ ಕೊಟ್ಟು ನೋಡಿದರು. ಯಂತ್ರದ ಬಡಿತಕ್ಕಿಂತ ಎದುರಿಗೆ ಕೂತು ಬಾರಿಸುವ ಮನುಷ್ಯರ ಬಡಿತಕ್ಕೆ ಮಕ್ಕಳು ಚೆನ್ನಾಗಿ ಹೊಂದಿಕೊಂಡರು ಎಂದು 2009ರಲ್ಲಿ ಪ್ರಕಟಿಸಿದರು. ಮರುವರ್ಷದ ಅಧ್ಯಯನದಲ್ಲಿ ನಾಲ್ಕು ವರ್ಷದ ಮಕ್ಕಳ ಜೋಡಿಗಳಲ್ಲಿ ಕೆಲವರಿಗೆ ಹಾಡು ಕುಣಿತದ ಆಟ, ಇನ್ನು ಕೆಲವರಿಗೆ ಅದೇ ಆಟವನ್ನು ಸಂಗೀತವಿಲ್ಲದೆ ಆಡಿಸಿದರು. ಹಾಡಿ ಕುಣಿದ ಜೋಡಿಗಳು ಆಮೇಲೆ ಒಬ್ಬರಿಗೊಬ್ಬರು ಹೆಚ್ಚು ನೆರವಾದವು.

ದೊಡ್ಡವರ ಬಗ್ಗೆಯೂ ಒಂದು ಅಧ್ಯಯನವಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಾಬಿನ್ ಡನ್ಬರ್ ಮತ್ತು ಸಂಗಡಿಗರು ಇಂಗ್ಲೆಂಡಿನ ವಯಸ್ಕರ ಸಂಜೆ ತರಗತಿಗಳನ್ನು ಏಳು ತಿಂಗಳು ಗಮನಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟಿಗೆ ಹಾಡುವ ತರಗತಿಗಳು, ಕರಕುಶಲ ಮತ್ತು ಬರವಣಿಗೆಯ ತರಗತಿಗಳು ಅದರಲ್ಲಿದ್ದವು. ಹಾಡುವವರು ಆರಂಭದಲ್ಲೇ ಬೇಗ ಹತ್ತಿರವಾದರು. ಉಳಿದ ತರಗತಿಯವರು ನಿಧಾನವಾಗಿ ಹತ್ತಿರವಾಗುತ್ತಾ ಏಳನೆಯ ತಿಂಗಳ ಹೊತ್ತಿಗೆ ಅವರಿಗೆ ಸಮವಾದರು. ಇದರ ಅರ್ಥ ಸ್ಪಷ್ಟ. ಲಯ, ಹಾಡು ಕೊಡುವ ಲಾಭ ಇರುವುದು ಮೊದಲ ಹಂತದಲ್ಲಿ, ಒಬ್ಬರನ್ನೊಬ್ಬರು ಅರಿಯದ ದಿನಗಳಲ್ಲಿ. ಏಳು ತಿಂಗಳು ಜೊತೆಗಿರುವವರಿಗೆ ಕಾಲವೇ ಆ ಕೆಲಸ ಮಾಡಿಕೊಡುತ್ತದೆ. ಎನ್‌ಎಸ್‌ಎಸ್ ವಿಶೇಷ ಶಿಬಿರಕ್ಕೆ ಇರುವುದು ಏಳು ದಿನ. ಅಷ್ಟರಲ್ಲಿ ಬೆಸುಗೆ ಆಗಬೇಕಾದರೆ ಲಯದ ಸಹಾಯ ಬೇಕೇ ಬೇಕು.

ಭಾಷೆಯ ದೃಷ್ಟಿಯಿಂದಲೂ ನಮಗಿದು ಹೆಚ್ಚು ಅಗತ್ಯ. ಗುಂಡ್ಲುಪೇಟೆ ಒಂದು ಕಡೆ ಕೇರಳದ ವಯನಾಡಿಗೂ ಇನ್ನೊಂದು ಕಡೆ ತಮಿಳುನಾಡಿನ ನೀಲಗಿರಿಗೂ ತಾಗಿಕೊಂಡ ತಾಲ್ಲೂಕು. ಬಂಡೀಪುರದ ಅಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು ಇದ್ದಾರೆ. ಪೇಟೆಯಲ್ಲಿ ಉರ್ದು, ತಮಿಳು ಮನೆಮಾತಿನವರಿದ್ದಾರೆ. ಇಂಥ ಕಡೆ ಶಾಲೆಯ ಮೊದಲ ದಿನ ಪುಸ್ತಕದ ಕನ್ನಡದಲ್ಲಿ ಪರಿಚಯ ಕೇಳಿದರೆ ಅರ್ಧ ಮಕ್ಕಳಿಗೆ ಬಾಯಿ ಕಟ್ಟುತ್ತದೆ. ಚಪ್ಪಾಳೆಗೆ ಆ ತೊಂದರೆಯಿಲ್ಲ. ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾಗಿ ಮುಂದೆ ರಾಜ್ಯಕ್ಕೆಲ್ಲ ಹರಡಿದ ‘ನಲಿ ಕಲಿ’ ಹಾಡು, ಆಟ, ಕುಣಿತಗಳನ್ನು ಪಾಠದೊಳಗೆ ತಂದದ್ದು ಈ ಸತ್ಯವನ್ನು ಅರಿತೇ. ಮೈಸೂರಿನ ರಂಗಾಯಣವನ್ನು ಕಟ್ಟಿದ ಬಿ.ವಿ. ಕಾರಂತರು ಕಲ್ಲು, ಕರಟ, ಬಿದಿರು ಯಾವುದನ್ನು ಕೊಟ್ಟರೂ ಅದರಿಂದ ಸಂಗೀತ ಹುಟ್ಟಿಸುತ್ತಿದ್ದರು. ಅಲ್ಲಿ ಬೇಸಿಗೆಯಲ್ಲಿ ನಡೆಯುವ ‘ಚಿಣ್ಣರ ಮೇಳ’ಕ್ಕೆ ಬರುವ ಮಕ್ಕಳು ಹಾಡು, ಕುಣಿತ, ವಾದ್ಯಗಳ ನಡುವೆಯೇ ಒಬ್ಬರಿಗೊಬ್ಬರು ಗೆಳೆಯರಾಗುತ್ತಾರೆ.

ಮೊದಲ ಮುಕ್ಕಾಲು ಗಂಟೆ

ಮಾಡುವುದು ಹೇಗೆ? ನಲವತ್ತು ಜನರಿಗೆ ಮುಕ್ಕಾಲು ಗಂಟೆ ಸಾಕು. ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿ ಎಲ್ಲರೂ ವೃತ್ತವಾಗಿ ನಿಲ್ಲಬೇಕು. ಅಧಿಕಾರಿ, ಮುಖ್ಯ ಶಿಕ್ಷಕ, ಅಡುಗೆಯವರು ಎಲ್ಲರೂ ಒಂದೇ ವೃತ್ತದಲ್ಲಿರಬೇಕು. ವೇದಿಕೆಯ ಮೇಲೆ ಯಾರೊಬ್ಬರು ಉಳಿದರೂ ಆಟ ಕೆಡುತ್ತದೆ.

ಮೊದಲ ಐದು ನಿಮಿಷ ಮಾತಿಲ್ಲ. ನಡಿಗೆಯ ಗತಿಯಲ್ಲಿ ಎಡಗಾಲು, ಬಲಗಾಲು ನೆಲಕ್ಕೆ ತಟ್ಟುತ್ತಾ ಅದರ ಮೇಲೆ ಚಪ್ಪಾಳೆ. ಗುಂಪು ತಾಳ ಹಾಕುವಾಗ ಗತಿ ಓಡುವುದು ಸಹಜ. ‘ನಿಧಾನ, ನಿಧಾನ’ ಎಂದು ಕೂಗಿದರೆ ಅದು ನಿಲ್ಲುವುದಿಲ್ಲ. ಚಪ್ಪಾಳೆ ನಿಲ್ಲಿಸಿ ಕಾಲನ್ನಷ್ಟೇ ಉಳಿಸಿಕೊಂಡರೆ ಗತಿ ತಾನಾಗಿ ನೆಲೆಗೆ ಬರುತ್ತದೆ.

ಎರಡನೆಯದು ಸೊಲ್ಲು–ಮರುಸೊಲ್ಲು. ಒಬ್ಬರು ನಾಲ್ಕು ಎಣಿಕೆಯಷ್ಟು ಏನಾದರೂ ತಟ್ಟುತ್ತಾರೆ, ಎಲ್ಲರೂ ಅದನ್ನೇ ಹಿಂದಿರುಗಿಸುತ್ತಾರೆ. ವೃತ್ತದ ಎಲ್ಲರಿಗೂ ಸರದಿ ಬರುತ್ತದೆ. ಬರೀ ಒಂದು ಚಪ್ಪಾಳೆ ತಟ್ಟಿದರೂ ನಲವತ್ತು ಜನ ಅದನ್ನು ಗೌರವದಿಂದ ಮರಳಿಸುತ್ತಾರೆ. ಇಲ್ಲಿ ತಪ್ಪು ಎಂಬುದೇ ಇಲ್ಲ. ತನ್ನ ಕೈಯಿಂದ ಹುಟ್ಟಿದ್ದನ್ನು ಇಡೀ ಗುಂಪು ತನ್ನದಾಗಿಸಿಕೊಂಡದ್ದನ್ನು ಕಂಡವರ ಮೈಯ ಬಿಗಿ ಸಡಿಲಾಗುವುದು ಕಣ್ಣಿಗೇ ಕಾಣುತ್ತದೆ.

ಮೂರನೆಯದು ಪದರ ಪದರವಾಗಿ ಕಟ್ಟುವುದು. ಗುಂಪನ್ನು ಮೂರು ಭಾಗ ಮಾಡಿ, ಎಂಟು ಎಣಿಕೆಯ ಸುತ್ತಿನಲ್ಲಿ ಒಂದು ಗುಂಪು ಒಂದು ಮತ್ತು ಐದಕ್ಕೆ ಕಾಲು ತಟ್ಟಲಿ, ಇನ್ನೊಂದು ಮೂರು ಮತ್ತು ಏಳಕ್ಕೆ ತೊಡೆ ತಟ್ಟಲಿ, ಮತ್ತೊಂದು ಎರಡು, ನಾಲ್ಕು, ಆರು, ಎಂಟಕ್ಕೆ ಚಪ್ಪಾಳೆ ಹಾಕಲಿ. ಒಂದೊಂದೇ ಗುಂಪಿನ ಬಡಿತದಲ್ಲಿ ವಿಶೇಷವೇನಿಲ್ಲ. ಮೂರೂ ಕೂಡಿದಾಗ ಯಾರೊಬ್ಬರೂ ಒಂಟಿಯಾಗಿ ಮಾಡಲಾಗದ ನಾದ ಹುಟ್ಟುತ್ತದೆ. ಸ್ಟೀಲ್ ತಟ್ಟೆ, ಬಕೆಟ್ಟು, ಖಾಲಿ ಎಣ್ಣೆ ಡಬ್ಬ, ನೀರಿನ ಕೊಡ ಏನಿದೆಯೋ ಅದನ್ನು ಈ ಹಂತದಲ್ಲಿ ಸೇರಿಸಬಹುದು.

ನಾಲ್ಕನೆಯದು ಬಿಡುವುದನ್ನು ಕಲಿಯುವುದು. ನಾಲ್ಕು ಎಣಿಕೆಯಲ್ಲಿ ಕೊನೆಯದನ್ನು ಎಲ್ಲರೂ ಬಿಟ್ಟುಬಿಡಬೇಕು. ಬಡಿಯುವುದಕ್ಕಿಂತ ಬಡಿಯದೇ ಇರುವುದು ಕಷ್ಟ. ಎಲ್ಲೋ ಒಬ್ಬರ ಚಪ್ಪಾಳೆ ಆ ಖಾಲಿ ಜಾಗದಲ್ಲಿ ಒಂಟಿಯಾಗಿ ಕೇಳಿಸುತ್ತದೆ, ಎಲ್ಲರೂ ನಗುತ್ತಾರೆ, ಮತ್ತೆ ಮೊದಲಿನಿಂದ. ಆ ಖಾಲಿ ಎಣಿಕೆಯನ್ನು ನಲವತ್ತು ಜನ ಒಟ್ಟಿಗೆ ಕಾದಾಗ ಗುಂಪು ಕೂಡಿತು ಎಂದು ಧೈರ್ಯವಾಗಿ ಹೇಳಬಹುದು.

ಇಷ್ಟಾದ ಮೇಲೆ ಹೆಸರು. ತಾಳ ನಡೆಯುತ್ತಿರುವಾಗಲೇ ಒಬ್ಬರು ಹೆಸರು ಹೇಳುತ್ತಾರೆ, ಎಲ್ಲರೂ ಅದನ್ನು ಎರಡು ಸಲ ತಾಳಕ್ಕೆ ಕೂಡಿಸಿ ಹೇಳುತ್ತಾರೆ. ಊರು ಬೇಡ, ಬೀದಿ ಬೇಡ, ಓದು ಬೇಡ. ಪ್ರಾಂಶುಪಾಲರ ಹೆಸರಿಗೂ ಹಾಡಿಯಿಂದ ಬಂದ ಹುಡುಗಿಯ ಹೆಸರಿಗೂ ಅದೇ ದನಿ, ಅದೇ ಎರಡು ಸಲ. ತಾಳಕ್ಕೆ ಕೂತ ಹೆಸರು ಸಂಜೆಯವರೆಗೂ ಮರೆಯುವುದಿಲ್ಲ.

ತಮಟೆಯನ್ನು ಮುಟ್ಟುವ ಕೈ

ಈ ಸೀಮೆಯಲ್ಲಿ ಲಯದ ಬಗ್ಗೆ ಬರೆದು ತಮಟೆಯ ಬಗ್ಗೆ ಸುಮ್ಮನಿದ್ದರೆ ಅದು ಅಪ್ರಾಮಾಣಿಕತೆಯಾಗುತ್ತದೆ. ಹಬ್ಬ, ಮಾರಿ ಮೆರವಣಿಗೆ, ರಂಗದ ಕುಣಿತ ಎಲ್ಲಕ್ಕೂ ತಮಟೆ ಬೇಕು. ಆದರೆ ಸಾವಿನ ಮನೆಯ ಮುಂದೆ ತಮಟೆ ಬಡಿಯುವುದು, ಊರಿಗೆಲ್ಲ ಸಾರುವುದು ದಲಿತ ಕೇರಿಯ ಮೇಲೆ ಹೇರಿದ ಬಿಟ್ಟಿ ಕೆಲಸವಾಗಿತ್ತು. 1970ರ ದಶಕದಲ್ಲಿ ದಲಿತ ಚಳವಳಿ ಬೆಳೆದಾಗ ಕೆಲವರು ಆ ಅವಮಾನ ಸಾಕೆಂದು ತಮಟೆಯನ್ನು ಕೆಳಗಿಟ್ಟರು. ಇನ್ನು ಕೆಲವರು ಅದನ್ನೇ ಹೋರಾಟದ ಮೆರವಣಿಗೆಯ ಮುಂದಕ್ಕೆ ತಂದರು. ಎರಡೂ ನಿರ್ಧಾರಗಳಲ್ಲಿ ಘನತೆಯಿದೆ. ಚಿಕ್ಕಬಳ್ಳಾಪುರದ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಈ ವಾದ್ಯಕ್ಕೆ ದೇಶದ ಮಟ್ಟದಲ್ಲಿ ಸಲ್ಲಬೇಕಾದ ಗೌರವ ತಡವಾಗಿಯಾದರೂ ಸಂದಿತು.

ಆದರೆ ಪ್ರಶಸ್ತಿ ಬಂದ ಮಾತ್ರಕ್ಕೆ ಊರು ಬದಲಾಗುವುದಿಲ್ಲ. 2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ ದಲಿತ ಮಹಿಳೆಯೊಬ್ಬರು ನೀರು ಕುಡಿದರೆಂದು ತೊಂಬೆಯ ನೀರು ಖಾಲಿ ಮಾಡಿಸಿ ಗಂಜಲದಿಂದ ತೊಳೆದರೆಂಬ ಸುದ್ದಿಯನ್ನು ನಾಡೆಲ್ಲ ಓದಿದೆ. ನೀರಿನ ನಲ್ಲಿಯಲ್ಲೇ ಮೈಲಿಗೆ ಹುಡುಕುವ ಕಡೆ ತಮಟೆಯ ಚರ್ಮವನ್ನು ಯಾರು ಮುಟ್ಟುತ್ತಾರೆ, ಯಾರು ಮುಟ್ಟುವುದಿಲ್ಲ ಎಂಬುದು ಸಣ್ಣ ಪ್ರಶ್ನೆಯಲ್ಲ.

ಗುಂಡ್ಲುಪೇಟೆ ಕಡೆಯ ಹಳ್ಳಿಯೊಂದರ ಶಿಬಿರದಲ್ಲಿ ನಾನು ಕಂಡದ್ದನ್ನು ಹೇಳಬೇಕು. ಆ ಊರಿನ ಹಿರಿಯ ತಮಟೆ ಕಲಾವಿದರೊಬ್ಬರನ್ನು ಮೊದಲ ದಿನ ಗುರುವಾಗಿ ಕರೆಸಿದ್ದರು. ಅವರು ಬಂದವರೇ ಒಣಗಿದ ತೆಂಗಿನ ಗರಿಗೆ ಬೆಂಕಿ ಹಚ್ಚಿ, ತಮಟೆಯನ್ನು ಆ ಉರಿಯ ಮುಂದೆ ನಿಧಾನವಾಗಿ ತಿರುಗಿಸುತ್ತಾ ಹೋದರು. ನಡುನಡುವೆ ಹೆಬ್ಬೆರಳಿನಿಂದ ಚರ್ಮವನ್ನು ಒತ್ತಿ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ಮೊದಲು ಮಂಕಾಗಿದ್ದ ದನಿ ಬಿಸಿಯೇರಿದಂತೆ ಬಿಗಿಯಾಗಿ ಖಣಿಲೆಂದಿತು. ಬಲಗೈಗೆ ಗಿಡ್ಡ, ದಪ್ಪ ಕೋಲು, ಎಡಗೈಗೆ ತೆಳುವಾದ ಉದ್ದ ಕಡ್ಡಿ. ದಪ್ಪ ಕೋಲು ಚರ್ಮದ ನಡುವೆ ಬಿದ್ದರೆ ಗುಂಯ್ ಎನ್ನುವ ತುಂಬು ದನಿ, ತೆಳುಕಡ್ಡಿ ಅಂಚಿಗೆ ತಾಗಿದರೆ ಚುರುಕು ದನಿ. ಡಿಗ್ರಿ ಓದುವ ಹುಡುಗನೊಬ್ಬ ತೋಳಿನ ಬಲವನ್ನೆಲ್ಲ ಹಾಕಿ ಬಡಿಯತೊಡಗಿದಾಗ ಅವರು ಅವನ ಮಣಿಕಟ್ಟು ಹಿಡಿದು ಹೇಳಿದರು: ‘ಹಂಗ ಗುದ್ಬ್ಯಾಡ ಕನಪ್ಪ, ಕೈಯ ಸಡ್ಲ ಬುಡು. ಕೋಲು ತಾನಾಗೇ ಎಗರಿ ವಾಪಸ್ ಬತ್ತದ.’ ‘ಸರಿ ಮೇಷ್ಟ್ರೇ’ ಎಂದ ಹುಡುಗ ಮತ್ತೆ ಹಿಡಿದ, ಮತ್ತೆ ತಪ್ಪಿದ, ಮತ್ತೆ ಕೇಳಿ ಕಲಿತ. ಅವರ ಮುಂದೆ ಅಂದು ಎಲ್ಲ ಬೀದಿಯ ಮಕ್ಕಳೂ ಶಿಷ್ಯರಾಗಿ ಕೂತಿದ್ದರು. ಶಿಬಿರ ಮುಗಿಯುವ ತನಕ ಅವರನ್ನು ಮಕ್ಕಳು ‘ಮೇಷ್ಟ್ರೇ’ ಎಂದೇ ಕರೆದರು.

ತಮಟೆಯನ್ನು ಶಿಬಿರಕ್ಕೆ ತರುವುದಾದರೆ ತರಬೇಕಾದದ್ದು ಹೀಗೆ. ಕಲಾವಿದರನ್ನು ಉದ್ಘಾಟನೆಯ ಮೆರವಣಿಗೆಗೆ ಕರೆಸಿ, ಅತಿಥಿಗಳು ವೇದಿಕೆ ಹತ್ತಿದ ಮೇಲೆ ಹೊರಗೆ ಮರದಡಿ ನಿಲ್ಲಿಸುವ ಪದ್ಧತಿ ನಿಲ್ಲಬೇಕು. ಅವರಿಗೆ ಸಂಪನ್ಮೂಲ ವ್ಯಕ್ತಿಯ ಸ್ಥಾನ, ಉಳಿದ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ, ಆಹ್ವಾನ ಪತ್ರಿಕೆಯಲ್ಲಿ ಹೆಸರು, ಎಲ್ಲರ ಜೊತೆ ಊಟ ಸಿಗಬೇಕು. ‘ನಮ್ಮ ಮಕ್ಕಳಿಗೆ ಈ ಕೆಲಸ ಬೇಡ’ ಎಂದು ಅವರು ಹೇಳಿದರೆ ಅದನ್ನೂ ಗೌರವಿಸಬೇಕು. ತಮಟೆ ಬಡಿಯುವ ಕೆಲಸವನ್ನು ದಲಿತ ವಿದ್ಯಾರ್ಥಿಗಳಿಗೇ ವಹಿಸಿ ಉಳಿದವರು ಕುಣಿಯುವುದಾದರೆ ಆ ಶಿಬಿರ ನಡೆಯದಿರುವುದೇ ಮೇಲು.

ಕೆಲವು ಎಚ್ಚರಗಳು

ಲಯದ ಆಟ ಎಲ್ಲರಿಗೂ ಒಂದೇ ರೀತಿ ಹಿತವಲ್ಲ. ದೊಡ್ಡ ಸದ್ದಿಗೆ ಬೆದರುವ ಮಕ್ಕಳಿರುತ್ತಾರೆ. ಅವರಿಗೆ ವೃತ್ತದ ಅಂಚಿನಲ್ಲಿ ಕಾಲಿನ ತಾಳವಷ್ಟೇ ಸಾಕು. ಕಿವಿ ಕೇಳದ ಮಕ್ಕಳನ್ನು ‘ಇದು ನಿಮಗಲ್ಲ’ ಎಂದು ದೂರ ಕೂರಿಸಬಾರದು. ನಗಾರಿಯ ಮೈಗೆ ಅಂಗೈ ಇಟ್ಟರೆ ಅದರ ನಡುಕವೇ ಅವರಿಗೆ ತಾಳ ಕೊಡುತ್ತದೆ. ಮನೆಯಲ್ಲಿ ಸಾವಾಗಿ ಸೂತಕದ ದುಃಖದಲ್ಲಿರುವವರನ್ನು ಬಲವಂತ ಮಾಡಬಾರದು. ನೋಡುತ್ತಾ ನಿಲ್ಲುವ ಹಕ್ಕು ಎಲ್ಲರಿಗೂ ಇರಲಿ. ಹಾಗೆ ನಿಂತವರು ಬಹಳ ಸಲ ತಾವಾಗಿಯೇ ಬಂದು ಸೇರುತ್ತಾರೆ.

ಕಾಡಂಚಿನ ಊರುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಂಡೀಪುರದ ಸೆರಗಿನ ಹಳ್ಳಿಗಳಲ್ಲಿ ರಾತ್ರಿ ತಮಟೆ, ಡಬ್ಬ ಬಡಿದರೆ ಆನೆ ಬಂತೆಂದೇ ಅರ್ಥ. ಹೊಲದ ಅಟ್ಟಣೆಯಲ್ಲಿ ನಿದ್ದೆಗೆಟ್ಟು ಕಾಯುವ ರೈತರಿಗೆ ಆ ಸದ್ದು ಪ್ರಾಣ ಉಳಿಸುವ ಸಂಕೇತ. ಅಂಥ ಕಡೆ ಸಂಜೆಯ ನಂತರ ವಾದ್ಯದ ಆಟ ಬೇಡ. ಕಾಡಿನ ಜೀವಿಗಳಿಗೂ ಅದು ಹಿಂಸೆ, ಊರಿನವರಿಗೂ ಗಾಬರಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ನೋಡಲು ದೂರದ ಊರುಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಹಾಗೆ ಬಂದವರು ಸೋಲಿಗರ ಊರಿಗೆ ಹೋದಾಗ ‘ಒಂದು ಡ್ಯಾನ್ಸ್ ಮಾಡಿ ತೋರಿಸಿ’ ಎಂದು ಕೇಳುವುದು ಸಭ್ಯತೆಯಲ್ಲ. ಕಲಿಸಿಕೊಡಿ ಎಂದು ಕೇಳಿ, ಅವರೊಡನೆ ಹೆಜ್ಜೆ ಹಾಕುವುದು ಸರಿಯಾದ ದಾರಿ.

ಮುಖ್ಯವಾಗಿ, ತಾಳದಿಂದ ಅತಿಯಾದದ್ದನ್ನು ನಿರೀಕ್ಷಿಸಬಾರದು. ಮುಕ್ಕಾಲು ಗಂಟೆ ಒಟ್ಟಿಗೆ ಚಪ್ಪಾಳೆ ತಟ್ಟಿದವರು ಮಧ್ಯಾಹ್ನ ಬೇರೆ ಬೇರೆ ಕೂತು ಉಂಡರೆ ಬೆಳಗಿನ ಆಟಕ್ಕೆ ಬೆಲೆಯಿಲ್ಲ. ತಾಳ ಬಾಗಿಲು ತೆರೆಯುತ್ತದೆ, ಒಳಗೆ ಹೋಗುವ ಕೆಲಸ ನಮ್ಮದು. ವೃತ್ತದಲ್ಲಿ ಯಾರ ಪಕ್ಕ ಯಾರಿದ್ದರೋ ಅದೇ ಕ್ರಮದಲ್ಲಿ ಊಟಕ್ಕೆ ಕೂರಿಸಬೇಕು, ಅದೇ ಕ್ರಮದಲ್ಲಿ ಬಡಿಸುವ, ಪಾತ್ರೆ ತೊಳೆಯುವ, ನೀರು ಹೊರುವ ತಂಡ ಮಾಡಬೇಕು. ಚಿಕ್ಕಲ್ಲೂರಿನ ಜಾತ್ರೆ ತಲೆಮಾರುಗಳಿಂದ ಮಾಡುತ್ತಾ ಬಂದದ್ದನ್ನು ನಮ್ಮ ಕಾಲೇಜುಗಳು ಏಳು ದಿನ ಮಾಡಲಾಗದೇ?

ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರು, ಯಳಂದೂರುಗಳ ಶಿಕ್ಷಕರಲ್ಲಿ, ಎನ್‌ಎಸ್‌ಎಸ್ ಅಧಿಕಾರಿಗಳಲ್ಲಿ, ಮಹಿಳಾ ಸಂಘಗಳ ಮುಂದಾಳುಗಳಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ಶಿಬಿರದ ಮೊದಲ ಗಂಟೆಯಲ್ಲಿ ಮೈಕ್ ಕೆಳಗಿಡಿ. ಊರಿನ ತಮಟೆಯವರನ್ನೋ ಕಂಸಾಳೆಯವರನ್ನೋ ಕೋಲಾಟ ಬಲ್ಲ ಅಜ್ಜಿಯನ್ನೋ ಗುರುಗಳಾಗಿ ಕರೆಯಿರಿ, ಅವರ ಶ್ರಮಕ್ಕೆ ತಕ್ಕ ಹಣ ಕೊಡಿ. ಎಲ್ಲರ ಕೈ ಒಂದೇ ತಾಳಕ್ಕೆ ಬಂದ ಮೇಲೆ ಹೆಸರು ಕೇಳಿ. ಯಾವ ಬೀದಿ ಎಂದು ಮಾತ್ರ ಕೊನೆಯ ದಿನದವರೆಗೂ ಕೇಳಬೇಡಿ.